ಕೆಟ್ಟ ಯೂಸರ್ ಪ್ರೊಫೈಲ್: ಫಾರ್ಮ್ಯಾಟ್‌ಗೆ ಮುನ್ನ ಮಾಡಬೇಕಾದದ್ದು

ವಿಂಡೋಸ್ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬ ಬಳಕೆದಾರರಿಗೂ ಒಂದು ಯೂಸರ್ ಪ್ರೊಫೈಲ್ ಇರುತ್ತದೆ. ಸಿ ಡ್ರೈವಿನ ಯೂಸರ್ಸ್ ಫೋಲ್ಡರ್ ತೆರೆದರೆ ಅವರ ಹೆಸರಿನ ಫೋಲ್ಡರ್ ಕಾಣುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲವೂ ಅದರೊಳಗೇ ಇವೆ. ಅದೇ ಫೋಲ್ಡರಿನಲ್ಲಿ ಎನ್‌ಟಿಯೂಸರ್.ಡ್ಯಾಟ್ ಎಂಬ ಅಡಗಿದ ಫೈಲ್ ಒಂದಿದೆ. ಪರದೆಯ ಚಿತ್ರ, ಕೀಲಿಮಣೆಯ ಭಾಷೆ, ಪ್ರಿಂಟರ್, ಪ್ರೋಗ್ರಾಂಗಳ ಸೆಟ್ಟಿಂಗ್ ಮುಂತಾದ ಖಾಸಗಿ ಏರ್ಪಾಡುಗಳನ್ನೆಲ್ಲ ಅದು ಹಿಡಿದಿಟ್ಟುಕೊಂಡಿರುತ್ತದೆ. ಪಾಸ್‌ವರ್ಡ್ ಕೊಟ್ಟು ಒಳಬಂದ ಕೂಡಲೇ ವಿಂಡೋಸ್ ಈ ಫೈಲನ್ನು ಓದುತ್ತದೆ. ಯಾರ ಪ್ರೊಫೈಲ್ ಯಾವ ಫೋಲ್ಡರಿನಲ್ಲಿದೆ ಎಂಬ ನಮೂದು ಮಾತ್ರ ಬೇರೆ ಕಡೆ, ವಿಂಡೋಸಿನ ಸೆಟ್ಟಿಂಗ್‌ಗಳ ದಾಖಲೆಯಾದ ರಿಜಿಸ್ಟ್ರಿಯ ಪ್ರೊಫೈಲ್‌ಲಿಸ್ಟ್ ವಿಭಾಗದಲ್ಲಿ ಇರುತ್ತದೆ. ಆ ನಮೂದು ತಪ್ಪಾದರೆ, ಇಲ್ಲವೇ ಎನ್‌ಟಿಯೂಸರ್.ಡ್ಯಾಟ್ ಓದಲು ಬಾರದಂತಾದರೆ, ಪ್ರೊಫೈಲ್ ಕೆಟ್ಟಿದೆ ಎಂದರ್ಥ. ಹೊಲ ಇದ್ದಲ್ಲೇ ಇದ್ದು ಪಹಣಿಯ ನಮೂದು ಮಾತ್ರ ತಪ್ಪಿದ ಹಾಗೆ ಇದು. ಫೋಟೊ, ಪತ್ರ, ಲೆಕ್ಕಪತ್ರದ ಫೈಲುಗಳು ಬಹುತೇಕ ಸಂದರ್ಭಗಳಲ್ಲಿ ಡಿಸ್ಕಿನಲ್ಲಿ ಕ್ಷೇಮವಾಗಿಯೇ ಇರುತ್ತವೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕಂಪ್ಯೂಟರ್ ಸರಿಯಾಗಿ ತೆರೆಯದಿದ್ದರೆ ಫಾರ್ಮ್ಯಾಟ್ ಹೊಡೆಸುವುದೇ ಮದ್ದು ಎಂಬ ರೂಢಿ ಸಣ್ಣ ಊರುಗಳಲ್ಲಿ ಇನ್ನೂ ಬಲವಾಗಿದೆ. ಪ್ರೊಫೈಲ್ ಕೆಟ್ಟಾಗ ಅದರ ಅಗತ್ಯವಿಲ್ಲ, ಅಪಾಯವೂ ಹೆಚ್ಚು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಫಾರ್ಮ್ಯಾಟ್ ಆದ ಮೇಲೂ ಒಂದಷ್ಟು ಫೈಲುಗಳನ್ನು ಹೊರತೆಗೆಯಬಹುದಿತ್ತು. ಈಗಿನ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ತಾನಾಗಿಯೇ ಖಾಲಿ ಮಾಡುವುದರಿಂದ ಹೋದದ್ದು ಮರಳಿ ಬರುವುದು ತೀರ ಅಪರೂಪ. ವಿಜಯಪುರ ಜಿಲ್ಲೆಯನ್ನೇ ನೋಡಿದರೆ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ವಿಜಯಪುರಕ್ಕೆ ಸುಮಾರು 40ರಿಂದ 80 ಕಿಲೋಮೀಟರ್. ಬೆಂಗಳೂರಿಗೆ ಸುಮಾರು 500 ಕಿಲೋಮೀಟರ್. ಡಿಸ್ಕಿನಿಂದ ಅಳಿದ ಮಾಹಿತಿ ತೆಗೆಯುವವರನ್ನು ಹುಡುಕಿಕೊಂಡು ಅಷ್ಟು ದೂರ ಹೋಗುವ ಬದಲು, ಅಳಿಯುವ ಮುನ್ನವೇ ಮನೆಯಲ್ಲಿ ಅರ್ಧ ದಿನ ಕೊಟ್ಟರೆ ಕೆಲಸ ಮುಗಿಯುತ್ತದೆ.

ಕೆಟ್ಟಿರುವುದು ಪ್ರೊಫೈಲೇ ಎಂದು ಗುರುತಿಸುವುದು

ಮುಖ್ಯ ಲಕ್ಷಣಗಳು ಎರಡು. ಪಾಸ್‌ವರ್ಡ್ ಸರಿಯಿದ್ದರೂ ‘ದಿ ಯೂಸರ್ ಪ್ರೊಫೈಲ್ ಸರ್ವಿಸ್ ಫೇಲ್ಡ್ ದಿ ಸೈನ್-ಇನ್’ ಎಂಬ ಸಂದೇಶ ಬಂದು ಒಳಗೆ ಬಿಡದಿರುವುದು ಮೊದಲನೆಯದು. ಎರಡನೆಯದರಲ್ಲಿ ಕಂಪ್ಯೂಟರ್ ತೆರೆಯುತ್ತದೆ, ಆದರೆ ಡೆಸ್ಕ್‌ಟಾಪ್ ಹೊಸದಾಗಿ ಕೊಂಡ ದಿನದಂತೆ ಬೋಳಾಗಿರುತ್ತದೆ. ‘ವಿ ಕಾಂಟ್ ಸೈನ್ ಇನ್ ಟು ಯುವರ್ ಅಕೌಂಟ್’ ಎಂಬ ಸೂಚನೆಯೂ ಕಾಣಬಹುದು. ಇದೇ ತಾತ್ಕಾಲಿಕ ಪ್ರೊಫೈಲ್. ನಿಜವಾದ ಪ್ರೊಫೈಲ್ ಸಿಗದೆ ವಿಂಡೋಸ್ ಟೆಂಪ್ ಎಂಬ ಹೆಸರಿನ ಫೋಲ್ಡರ್ ಮಾಡಿಕೊಂಡು ಅದರಲ್ಲಿ ಕೆಲಸ ನಡೆಸಿರುತ್ತದೆ. ಮಕ್ಕಳ ಫೋಟೊ, ಮದುವೆಯ ವಿಡಿಯೊ ಎಲ್ಲ ಅಳಿದುಹೋದವು ಎಂದು ಮನೆಮಂದಿ ಗಾಬರಿಯಾಗುವುದು ಇಲ್ಲಿಯೇ.

ಅನುಮಾನವಿದ್ದರೆ ವಿಂಡೋಸಿನಲ್ಲೇ ಇರುವ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಅಡಿಯ ಅಪ್ಲಿಕೇಶನ್ ಪಟ್ಟಿ ನೋಡಬೇಕು. ಯೂಸರ್ ಪ್ರೊಫೈಲ್ ಸರ್ವಿಸ್ ಹೆಸರಿನಲ್ಲಿ 1511 ಎಂಬ ಸಂಖ್ಯೆ ಇದ್ದರೆ ಸ್ಥಳೀಯ ಪ್ರೊಫೈಲ್ ಸಿಗದೆ ತಾತ್ಕಾಲಿಕದಲ್ಲಿ ತೆರೆಯಿತು ಎಂದರ್ಥ. 1515 ಇದ್ದರೆ ಹಳೆಯ ಪ್ರೊಫೈಲನ್ನು ವಿಂಡೋಸ್ ಬೇರೆ ಹೆಸರಿನಲ್ಲಿ ತೆಗೆದಿರಿಸಿದೆ. ಅದೇ ಕಂಪ್ಯೂಟರಿನಲ್ಲಿ ಮನೆಯ ಇನ್ನೊಬ್ಬರ ಖಾತೆಯಿದ್ದು ಅದು ಸರಿಯಾಗಿ ತೆರೆದರೆ, ದೋಷ ಒಂದು ಪ್ರೊಫೈಲಿನದು ಎಂಬುದು ಹೆಚ್ಚೂಕಡಿಮೆ ಖಚಿತ. ಯಾವ ಖಾತೆಯೂ ತೆರೆಯದಿದ್ದರೆ ಡಿಸ್ಕ್ ಅಥವಾ ವಿಂಡೋಸೇ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಏಕೆ ಕೆಡುತ್ತದೆ

ಎನ್‌ಟಿಯೂಸರ್.ಡ್ಯಾಟ್‌ಗೆ ವಿಂಡೋಸ್ ಆಗಾಗ ಬರೆಯುತ್ತಲೇ ಇರುತ್ತದೆ. ಕಂಪ್ಯೂಟರ್ ಬಂದ್ ಮಾಡುವಾಗಲಂತೂ ಬರೆಯಲೇಬೇಕು. ಆ ಹೊತ್ತಿಗೆ ಕರೆಂಟ್ ಹೋದರೆ ಬರಹ ಅರ್ಧಕ್ಕೆ ನಿಲ್ಲುತ್ತದೆ. ಅದನ್ನು ಸರಿಪಡಿಸಲು ಪಕ್ಕದಲ್ಲಿಯೇ ಲಾಗ್ ಫೈಲುಗಳಿದ್ದರೂ ಪ್ರತಿ ಸಲವೂ ಅವು ಸಾಲುವುದಿಲ್ಲ. ಆಲಮಟ್ಟಿಯ ಜಲವಿದ್ಯುತ್ ಕೇಂದ್ರವೂ ಕೂಡಗಿಯ 2,400 ಮೆಗಾವಾಟ್ ಶಾಖೋತ್ಪನ್ನ ಸ್ಥಾವರವೂ ವಿಜಯಪುರ ಸೀಮೆಯಲ್ಲಿಯೇ ಇವೆ. ಆದರೆ ಮನೆಯ ಮೀಟರಿಗೆ ಬರುವ ಲೈನಿನ ಸ್ಥಿತಿ ಬೇರೆ. ಬೇಸಿಗೆಯ ಕೊನೆಯ ಗಾಳಿ-ಗುಡುಗಿನ ಮಳೆಯಲ್ಲಿ ತಂತಿ ತಾಗುವುದು, ವೋಲ್ಟೇಜ್ ಬೀಳುವುದು, ಕರೆಂಟ್ ಹೋಗಿ ಬಂದು ಮತ್ತೆ ಹೋಗುವುದು ಇಲ್ಲಿಯ ಮನೆಗಳಿಗೆ ಹೊಸದಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಪ್ಲಗ್ಗಿಗೆ ಹಾಕಿಯೇ ಬಳಸುವವರ ಪಾಡೂ ಡೆಸ್ಕ್‌ಟಾಪಿನವರದೇ. ಬೇಗ ಬಂದ್ ಆಗಲಿಲ್ಲವೆಂದು ಪವರ್ ಬಟನ್ ಒತ್ತಿ ಹಿಡಿಯುವ ಅಭ್ಯಾಸವೂ ಕರೆಂಟ್ ಹೋದಷ್ಟೇ ಹಾನಿ ಮಾಡುತ್ತದೆ.

ಬೇರೆ ಕಾರಣಗಳೂ ಇವೆ. ಸಿ ಡ್ರೈವ್ ತುಂಬಿ ಬರೆಯಲು ಜಾಗವಿಲ್ಲದಿರುವುದು, ಡಿಸ್ಕ್ ಸವೆದು ಕೆಲವು ಭಾಗ ಓದಲು ಬಾರದಿರುವುದು, ಆಂಟಿವೈರಸ್ ಆ ಫೈಲನ್ನು ಹಿಡಿದುಕೊಂಡು ಕೂರುವುದು, ಯೂಸರ್ಸ್ ಫೋಲ್ಡರಿನಲ್ಲಿ ಬೇಡವೆನಿಸಿದ್ದನ್ನು ಯಾರೋ ಕೈಯಾರೆ ಅಳಿಸುವುದು. ಬಳಕೆದಾರರ ತಪ್ಪೇನೂ ಇಲ್ಲದೆಯೂ ಹೀಗಾಗಬಹುದು. 2020ರ ಫೆಬ್ರುವರಿಯಲ್ಲಿ ಬಂದ ವಿಂಡೋಸ್ 10ರ ಒಂದು ಅಪ್‌ಡೇಟ್, ಕೆಬಿ4532693, ಹಲವು ದೇಶಗಳಲ್ಲಿ ಜನರ ಡೆಸ್ಕ್‌ಟಾಪನ್ನು ಹೀಗೆಯೇ ಮಾಯ ಮಾಡಿತ್ತು. ಹಳೆಯ ಫೋಲ್ಡರಿನ ಹೆಸರು ಬದಲಾಗಿತ್ತು, ಫೈಲುಗಳು ಒಳಗೇ ಇದ್ದವು.

ಮೊದಲ ಕೆಲಸ: ಫೈಲುಗಳನ್ನು ಹೊರಗಿಡುವುದು

ತಾತ್ಕಾಲಿಕ ಪ್ರೊಫೈಲಿನಲ್ಲಿ ಏನನ್ನೂ ಸೇವ್ ಮಾಡಬಾರದು. ಸೈನ್ ಔಟ್ ಆದ ಕೂಡಲೇ ಅದರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಲ್ಲ ಅಳಿದುಹೋಗುತ್ತವೆ. ಅವಸರದಲ್ಲಿ ಅಲ್ಲಿಯೇ ಟೈಪ್ ಮಾಡಿದ ಅರ್ಜಿಯಾಗಲಿ, ಇಳಿಸಿಕೊಂಡ ಅಂಕಪಟ್ಟಿಯಾಗಲಿ ಉಳಿಯುವುದಿಲ್ಲ. ಹಾಗೇನಾದರೂ ಆಗಿದ್ದರೆ ಸೈನ್ ಔಟ್ ಆಗುವ ಮುನ್ನ ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಕು.

ನಂತರ ರೀಸ್ಟಾರ್ಟ್. ಇಲ್ಲಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲೂ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ರೀಸ್ಟಾರ್ಟ್ ಆಯ್ಕೆಯಲ್ಲಿ ಮಾತ್ರ ಎಲ್ಲವೂ ಹೊಸದಾಗಿ ತೆರೆಯುತ್ತದೆ. ಆಂಟಿವೈರಸ್ ಅಥವಾ ಅಪ್‌ಡೇಟ್ ಫೈಲನ್ನು ಹಿಡಿದಿದ್ದರಿಂದ ತೊಂದರೆಯಾಗಿದ್ದರೆ, ಎರಡು ಮೂರು ಸಲ ರೀಸ್ಟಾರ್ಟ್ ಮಾಡುವಷ್ಟರಲ್ಲಿ ಹಳೆಯ ಡೆಸ್ಕ್‌ಟಾಪ್ ಮರಳಿ ಬರುವುದುಂಟು.

ಬಾರದಿದ್ದರೆ ಸಿ ಡ್ರೈವಿನ ಯೂಸರ್ಸ್ ಫೋಲ್ಡರ್ ತೆರೆಯಬೇಕು. ಮೊದಲಿನ ಹೆಸರಿನ ಫೋಲ್ಡರ್, ಇಲ್ಲವೇ ಅದೇ ಹೆಸರಿನ ಮುಂದೆ ಚುಕ್ಕೆ ಹಾಕಿ ಕಂಪ್ಯೂಟರಿನ ಹೆಸರು ಅಥವಾ 000 ಸೇರಿಸಿದ ಫೋಲ್ಡರ್ ಇದೆಯೇ ನೋಡಬೇಕು. ಅನುಮತಿಯಿಲ್ಲ ಎಂಬ ಸಂದೇಶ ಬಂದರೆ ‘ಕಂಟಿನ್ಯೂ’ ಒತ್ತಿದರಾಯಿತು, ಅಡ್ಮಿನಿಸ್ಟ್ರೇಟರ್ ಖಾತೆಗೆ ಪ್ರವೇಶ ಸಿಗುತ್ತದೆ. ಡೆಸ್ಕ್‌ಟಾಪ್ ಫೋಲ್ಡರ್ ಖಾಲಿ ಕಂಡರೆ ಪಕ್ಕದ ಒನ್‌ಡ್ರೈವ್ ಫೋಲ್ಡರಿನೊಳಗೆ ಹುಡುಕಬೇಕು. ಈಚಿನ ಕಂಪ್ಯೂಟರುಗಳಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಮಾಲೀಕರ ಗಮನಕ್ಕೆ ಬಾರದಂತೆಯೇ ಅಲ್ಲಿಗೆ ಸರಿದಿರುತ್ತವೆ. ಸಿಕ್ಕಿದ್ದನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಬೇಕು. ಕಟ್ ಮಾಡಕೂಡದು. ನಡುವೆ ಕರೆಂಟ್ ಹೋದರೂ ಮೂಲ ಪ್ರತಿ ಇದ್ದಲ್ಲಿಯೇ ಇರಬೇಕು. ಕಾಪಿ ಆದ ಮೇಲೆ ನಾಲ್ಕಾರು ಫೋಟೊ ಮತ್ತು ಪತ್ರಗಳನ್ನು ತೆರೆದು ಪರೀಕ್ಷಿಸುವುದು ಒಳ್ಳೆಯದು.

ವಿಂಡೋಸ್ ಒಳಗೇ ಬಿಡದಿದ್ದರೆ ಲಾಗಿನ್ ಪರದೆಯ ಪವರ್ ಚಿಹ್ನೆ ಒತ್ತಿ, ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಆರಿಸಬೇಕು. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾಟಿ ಮತ್ತೊಮ್ಮೆ ರೀಸ್ಟಾರ್ಟ್ ಆದಾಗ 4 ಒತ್ತಿದರೆ ಸೇಫ್ ಮೋಡ್ ಬರುತ್ತದೆ. ಕೆಟ್ಟ ಖಾತೆ ಕೆಲವೊಮ್ಮೆ ಅಲ್ಲಿ ತೆರೆಯುತ್ತದೆ. ಅದೂ ಆಗದಿದ್ದರೆ ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ಇನ್‌ಸ್ಟಾಲ್ ಮಾಡದೆ ಬರೀ ‘ಟ್ರೈ’ ಆಯ್ಕೆಯಲ್ಲಿ ಫೈಲುಗಳನ್ನು ಹೊರತೆಗೆಯಬಹುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಮಾತ್ರ 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದ ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಬೀಗ ತಾನಾಗಿಯೇ ಬಿದ್ದಿರಬಹುದು. ಅಂಥ ಕೀಲಿ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ, ಮೊಬೈಲಿನಿಂದ ಆ ಖಾತೆಗೆ ಹೋಗಿ ನೋಡಬಹುದು.

ರಿಪೇರಿ

ಫೈಲುಗಳು ಹೊರಗೆ ಬಂದ ಮೇಲೆ ಮೊದಲು ಡಿಸ್ಕಿನ ಆರೋಗ್ಯ ನೋಡಬೇಕು. ಸಿ ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಎಂದು ಹೋದರೆ ವಿಂಡೋಸೇ ಪರೀಕ್ಷೆ ನಡೆಸುತ್ತದೆ. ಬಳಿಕ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಫ್‌ಸಿ, ಒಂದು ಖಾಲಿ ಜಾಗ, ಓರೆಗೆರೆ, ಅದಕ್ಕಂಟಿ ಸ್ಕ್ಯಾನ್‌ನೌ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿದರೆ ವಿಂಡೋಸಿನ ಮೂಲ ಫೈಲುಗಳ ತಪಾಸಣೆ ನಡೆಯುತ್ತದೆ. ಇವೆರಡೂ ಪ್ರೊಫೈಲನ್ನು ನೇರವಾಗಿ ಸರಿಪಡಿಸುವುದಿಲ್ಲ. ಆದರೆ ಸವೆಯುತ್ತಿರುವ ಡಿಸ್ಕಿನ ಮೇಲೆ ಪ್ರೊಫೈಲ್ ದುರಸ್ತಿ ಮಾಡಿದರೆ ಅದೇ ತೊಂದರೆ ಮರುಕಳಿಸುವುದು ಖಂಡಿತ.

ಸಿಸ್ಟಮ್ ರಿಸ್ಟೋರ್ ಮೊದಲೇ ಚಾಲೂ ಇದ್ದರೆ, ಪ್ರೊಫೈಲ್ ಸರಿಯಿದ್ದ ಒಂದು ದಿನಾಂಕಕ್ಕೆ ಹಿಂದಿರುಗುವುದು ಎಲ್ಲಕ್ಕಿಂತ ಸುಲಭದ ದಾರಿ. ಅದು ಸ್ವಂತ ಫೋಟೊ-ಪತ್ರಗಳನ್ನು ಮುಟ್ಟದೆ ರಿಜಿಸ್ಟ್ರಿಯನ್ನು ಹಿಂದಿನ ಸ್ಥಿತಿಗೆ ತರುತ್ತದೆ. ಆ ದಿನಾಂಕದ ನಂತರ ಹಾಕಿದ ಪ್ರೋಗ್ರಾಂಗಳು ಹೋಗುತ್ತವೆ, ಅಷ್ಟೇ.

ಅದಿಲ್ಲದಿದ್ದರೆ ರಿಜಿಸ್ಟ್ರಿಗೆ ಕೈ ಹಾಕಬೇಕಾಗುತ್ತದೆ. ಇಲ್ಲಿ ಎಚ್ಚರ ಬೇಕು. ಬೇರೆ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಅಥವಾ ಸೇಫ್ ಮೋಡಿನಲ್ಲಿ ರಿಜಿಸ್ಟ್ರಿ ಎಡಿಟರ್ ತೆರೆದು, ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ಪ್ರೊಫೈಲ್‌ಲಿಸ್ಟ್ ಎಂಬ ದಾರಿಯಲ್ಲಿ ಇಳಿಯಬೇಕು. ಬದಲಾವಣೆಗೆ ಮುನ್ನ ಪ್ರೊಫೈಲ್‌ಲಿಸ್ಟ್ ಮೇಲೆ ಬಲ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಆರಿಸಿ ಒಂದು ಪ್ರತಿ ಇಟ್ಟುಕೊಳ್ಳುವುದನ್ನು ಬಿಡಲೇಬಾರದು. ಒಳಗೆ ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆಗಳಿರುತ್ತವೆ. ಒಂದೊಂದೂ ಒಬ್ಬೊಬ್ಬ ಬಳಕೆದಾರರದು. ಒಂದೊಂದನ್ನೇ ಒತ್ತಿ ಬಲಗಡೆಯ ಪ್ರೊಫೈಲ್‌ಇಮೇಜ್‌ಪಾತ್ ಸಾಲು ನೋಡಿದರೆ ಅದು ಯಾರ ಫೋಲ್ಡರ್ ಎಂದು ತಿಳಿಯುತ್ತದೆ.

ಒಂದೇ ಸಂಖ್ಯೆ ಎರಡು ಸಲ ಇದ್ದು, ಒಂದರ ಕೊನೆಗೆ ಚುಕ್ಕೆ ಮತ್ತು ಬಿಎಕೆ ಎಂಬ ಮೂರು ಅಕ್ಷರ ಅಂಟಿಕೊಂಡಿದ್ದರೆ ದೋಷ ಸಿಕ್ಕಿತು. ಬಿಎಕೆ ಇರುವುದು ಸಾಮಾನ್ಯವಾಗಿ ಅಸಲಿ ಫೋಲ್ಡರನ್ನು ತೋರಿಸುತ್ತದೆ, ಇಲ್ಲದ್ದು ಟೆಂಪ್ ಫೋಲ್ಡರನ್ನು. ಮೊದಲು ಬಿಎಕೆ ಇಲ್ಲದ ನಮೂದಿನ ಕೊನೆಗೆ ಚುಕ್ಕೆ ಹಾಕಿ ‘ಓಲ್ಡ್’ ಎಂದು ಸೇರಿಸಬೇಕು. ನಂತರ ಇನ್ನೊಂದರ ಹೆಸರಿನಿಂದ ಚುಕ್ಕೆ ಮತ್ತು ಬಿಎಕೆ ಅಳಿಸಬೇಕು. ಅದರ ಬಲಗಡೆ ಸ್ಟೇಟ್, ರೆಫ್‌ಕೌಂಟ್ ಎಂಬ ಸಾಲುಗಳಿದ್ದರೆ ಎರಡಕ್ಕೂ 0 ಬೆಲೆ ಕೊಡಬೇಕು. ಬಿಎಕೆ ಇರುವ ನಮೂದು ಒಂದೇ ಇದ್ದರೆ ಚುಕ್ಕೆಯ ಸಮೇತ ಆ ಮೂರಕ್ಷರ ತೆಗೆದರೆ ಸಾಕು. ರೀಸ್ಟಾರ್ಟ್ ಮಾಡಿ ಹಳೆಯ ಖಾತೆಗೆ ಹೋದಾಗ ಡೆಸ್ಕ್‌ಟಾಪ್ ಮೊದಲಿನಂತೆ ಕಂಡರೆ ಕೆಲಸ ಮುಗಿಯಿತು. ನಮೂದು ಸರಿಯಿದ್ದೂ ತೆರೆಯದಿದ್ದರೆ ಎನ್‌ಟಿಯೂಸರ್.ಡ್ಯಾಟ್ ಫೈಲೇ ಹಾಳಾಗಿರುವ ಸಾಧ್ಯತೆ ಹೆಚ್ಚು. ಆಗ ರಿಜಿಸ್ಟ್ರಿಯಲ್ಲಿ ಹೆಣಗಾಡುತ್ತ ಕೂರುವುದಕ್ಕಿಂತ ಹೊಸ ಖಾತೆ ಮಾಡುವುದೇ ವಿವೇಕ.

ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ‘ಅದರ್ ಯೂಸರ್ಸ್’ ಮೂಲಕ ಹೊಸ ಖಾತೆ ಸೇರಿಸಿ, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ, ಒಮ್ಮೆ ಅದರಲ್ಲಿ ಲಾಗಿನ್ ಆಗಬೇಕು. ಆಗಲೇ ಹೊಸ ಫೋಲ್ಡರ್ ಹುಟ್ಟುತ್ತದೆ. ಹಳೆಯ ಪ್ರೊಫೈಲಿನಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೊದಲಾದವನ್ನು ಅದಕ್ಕೆ ಕಾಪಿ ಮಾಡಬೇಕು. ಎನ್‌ಟಿಯೂಸರ್ ಎಂದು ಶುರುವಾಗುವ ಯಾವ ಫೈಲನ್ನೂ ತರಬಾರದು, ರೋಗ ಇರುವುದೇ ಅಲ್ಲಿ. ಆ್ಯಪ್‌ಡೇಟಾ ಫೋಲ್ಡರನ್ನು ಇಡಿಯಾಗಿ ತರುವುದೂ ಸಲ್ಲ.

ಹೊಸ ಖಾತೆಯಲ್ಲಿ ಕನ್ನಡ ಮತ್ತು ಇತರ ಕೆಲಸ

ಕನ್ನಡದಲ್ಲಿ ಕೆಲಸ ಮಾಡುವ ಮನೆಗಳಿಗೆ ಇಲ್ಲೊಂದು ವಿಶೇಷ ಆತಂಕ ಕಾದಿರುತ್ತದೆ. ಪ್ರಶ್ನೆಪತ್ರಿಕೆ, ಠರಾವು, ಅರ್ಜಿ, ಲಗ್ನಪತ್ರಿಕೆಗಳನ್ನು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲೋ, ಶೇಷಾದ್ರಿವಾಸು ಅವರು 1998ರಲ್ಲಿ ತಂದ ಬರಹ ತಂತ್ರಾಂಶದಲ್ಲೋ ಟೈಪ್ ಮಾಡಿದವರು ಇನ್ನೂ ಬಹಳ ಜನ. ಇವುಗಳ ಹಳೆಯ ಅಕ್ಷರವಿನ್ಯಾಸ ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಗೆರೆ-ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲುಗಳು ಕೆಟ್ಟವು ಎಂದು ಅಳಿಸಿಬಿಡುವ ಅಪಾಯವಿರುವುದು ಈ ಘಟ್ಟದಲ್ಲಿ. ನಿಜ ಸಂಗತಿ ಬೇರೆ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದೀಚೆಗೆ, ಫಾಂಟ್ ಫೈಲ್ ತೆರೆದು ‘ಇನ್‌ಸ್ಟಾಲ್’ ಒತ್ತಿದರೆ ಅದು ಆ ಬಳಕೆದಾರರೊಬ್ಬರ ಪ್ರೊಫೈಲಿಗೆ ಮಾತ್ರ ಸೇರುತ್ತದೆ. ಹೊಸ ಖಾತೆಗಾಗಲಿ ತಾತ್ಕಾಲಿಕ ಪ್ರೊಫೈಲಿಗಾಗಲಿ ಅದು ಸಿಗದು. ಹಳೆಯ ಪ್ರೊಫೈಲಿನ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ಫೋಲ್ಡರಿನಿಂದ ಆ ಫೈಲುಗಳನ್ನು ಎತ್ತಿ, ಬಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಿದರೆ ಅಕ್ಷರಗಳು ಮರಳಿ ಕನ್ನಡವಾಗುತ್ತವೆ. ಮುಂದೆ ಯಾರ ಪ್ರೊಫೈಲ್ ಕೆಟ್ಟರೂ ಆ ಫಾಂಟ್ ಉಳಿಯುತ್ತದೆ. ತುಂಗಾ, ನಿರ್ಮಲಾದಂಥ ಯೂನಿಕೋಡ್ ಫಾಂಟ್‌ನಲ್ಲಿ ಬರೆದದ್ದಕ್ಕೆ ಈ ತೊಂದರೆಯಿಲ್ಲ. ಆದರೆ ಕನ್ನಡ ಕೀಲಿಮಣೆ ಖಾತೆಗೊಂದರಂತೆ ಇರುವುದರಿಂದ, ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಅದನ್ನು ಮತ್ತೆ ಸೇರಿಸಿಕೊಳ್ಳಬೇಕು.

ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳು ಫೋಲ್ಡರ್ ಕಾಪಿ ಮಾಡಿದರೆ ಬರುವುದಿಲ್ಲ. ಹಳೆಯ ಪ್ರೊಫೈಲಿನ ಗುಪ್ತ ಕೀಲಿಯಿಂದ ಅವಕ್ಕೆ ಬೀಗ ಹಾಕಲಾಗಿರುತ್ತದೆ. ಗೂಗಲ್ ಖಾತೆಯೊಂದಿಗೆ ಸಿಂಕ್ ಆಗಿದ್ದರೆ ಹೊಸ ಖಾತೆಯಲ್ಲಿ ಸೈನ್ ಇನ್ ಆದಾಗ ತಾವಾಗಿ ಬರುತ್ತವೆ. ಅಂಗಡಿ ಅಥವಾ ಲಿಂಬೆ-ದ್ರಾಕ್ಷಿ ವ್ಯಾಪಾರದ ಲೆಕ್ಕ ಟ್ಯಾಲಿಯಲ್ಲಿದ್ದರೆ ಅದರ ಡೇಟಾ ಸಾಮಾನ್ಯವಾಗಿ ಖಾಸಗಿ ಪ್ರೊಫೈಲಿನ ಹೊರಗೇ ಇರುತ್ತದೆ. ಆದರೂ ಕಂಪನಿ ಆರಿಸುವ ಪರದೆಯಲ್ಲಿ ಕಾಣುವ ದಾರಿ ನೋಡಿ, ಆ ಫೋಲ್ಡರಿನ ಪ್ರತಿಯನ್ನೂ ತೆಗೆದಿಡಬೇಕು. ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿಗೆ ಧಕ್ಕೆಯಿಲ್ಲ. ಫೈಲಿನ ಪ್ರಾಪರ್ಟೀಸ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿಟ್ಟ ಫೈಲುಗಳಿದ್ದರೆ ಮಾತ್ರ ಹಳೆಯ ಪ್ರೊಫೈಲನ್ನು ಅಳಿಸಲೇಬಾರದು, ಅದರ ಪಾಸ್‌ವರ್ಡನ್ನೂ ಬೇರೆ ಖಾತೆಯಿಂದ ಬದಲಾಯಿಸಬಾರದು. ತೆರೆಯುವ ಕೀಲಿ ಅಲ್ಲಿಯೇ ಇದೆ.

ಹೊಸ ಖಾತೆ ಕೆಲವು ವಾರ ಸರಿಯಾಗಿ ನಡೆದ ಮೇಲೆ ಹಳೆಯದನ್ನು ತೆಗೆಯಬಹುದು. ಎಕ್ಸ್‌ಪ್ಲೋರರಿನಲ್ಲಿ ಫೋಲ್ಡರ್ ಅಳಿಸಿದರೆ ರಿಜಿಸ್ಟ್ರಿಯ ನಮೂದು ಹಾಗೆಯೇ ಉಳಿದು ಮುಂದೆ ಮತ್ತೆ ತಾತ್ಕಾಲಿಕ ಪ್ರೊಫೈಲ್ ಹುಟ್ಟಬಹುದು. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿರುವ ಯೂಸರ್ ಪ್ರೊಫೈಲ್ಸ್ ಪಟ್ಟಿಯಿಂದ ತೆಗೆಯುವುದೇ ಸರಿಯಾದ ಕ್ರಮ.

ಅಂಗಡಿಗೆ ಒಯ್ಯಬೇಕಾದಾಗ

ಇಷ್ಟೆಲ್ಲ ಮನೆಯಲ್ಲಿ ಆಗದಿದ್ದರೆ ರಿಪೇರಿ ಅಂಗಡಿಗೆ ಒಯ್ಯುವುದರಲ್ಲಿ ತಪ್ಪಿಲ್ಲ. ಯೂಸರ್ ಪ್ರೊಫೈಲ್ ಕೆಟ್ಟಿದೆ, ಫಾರ್ಮ್ಯಾಟ್ ಬೇಡ, ಮೊದಲು ಯೂಸರ್ಸ್ ಫೋಲ್ಡರ್ ಕಾಪಿ ಮಾಡಿಕೊಡಿ ಎಂದು ಚೀಟಿಯಲ್ಲಿ ಬರೆದು ಕೊಡುವುದು ಉತ್ತಮ. ಒಳ್ಳೆಯ ಮೆಕ್ಯಾನಿಕ್ ಇದನ್ನು ಕೇಳಿ ಬೇಸರಪಡುವುದಿಲ್ಲ, ಅವರ ಕೆಲಸವೂ ಹಗುರಾಗುತ್ತದೆ. ವಿಂಡೋಸನ್ನೇ ಮತ್ತೆ ಹಾಕಬೇಕಾದರೂ ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ಕೀಪ್ ಮೈ ಫೈಲ್ಸ್’ ಎಂಬ ಆಯ್ಕೆಯಿದೆ. ಪ್ರೋಗ್ರಾಂಗಳು ಹೋದರೂ ಸ್ವಂತ ಫೈಲುಗಳು ಉಳಿಯುತ್ತವೆ. ಡಿಸ್ಕ್ ಅಳಿಸದೆ ಹಳೆಯದರ ಮೇಲೆಯೇ ಹೊಸ ವಿಂಡೋಸ್ ಹಾಕಿಸಿದ್ದರೆ, ಮೊದಲಿನ ಪ್ರೊಫೈಲುಗಳು ವಿಂಡೋಸ್.ಓಲ್ಡ್ ಫೋಲ್ಡರಿನಲ್ಲಿ ಇರುತ್ತವೆ. ಸುಮಾರು 10 ದಿನಗಳ ನಂತರ ವಿಂಡೋಸ್ ತಾನೇ ಅದನ್ನು ಅಳಿಸುವುದರಿಂದ, ಮನೆಗೆ ತಂದ ದಿನವೇ ನೋಡಿಕೊಳ್ಳಬೇಕು.

ಮತ್ತೆ ಕೆಡದಂತೆ

ಮನೆಯಲ್ಲಿ ಇನ್ವರ್ಟರ್ ಇದ್ದೂ ಕರೆಂಟ್ ಹೋದಾಗ ಕಂಪ್ಯೂಟರ್ ಮಾತ್ರ ಬಂದ್ ಆಗುತ್ತಿದ್ದರೆ, ಇನ್ವರ್ಟರಿನ ಹಿಂದೆಯೋ ಮುಂದೆಯೋ ಇರುವ ಸ್ವಿಚ್ ನೋಡಬೇಕು. ಅನೇಕ ಇನ್ವರ್ಟರುಗಳಲ್ಲಿ ಯುಪಿಎಸ್, ಇಕೋ ಎಂಬ ಎರಡು ಸ್ಥಿತಿಗಳಿವೆ. ಇಕೋದಲ್ಲಿ ಬದಲಾವಣೆ ನಿಧಾನ. ಫ್ಯಾನು-ದೀಪಕ್ಕೆ ಅದು ಗೊತ್ತಾಗುವುದಿಲ್ಲ, ಕಂಪ್ಯೂಟರ್ ತಡೆಯುವುದಿಲ್ಲ. ಯುಪಿಎಸ್ ಸ್ಥಿತಿಗೆ ತಂದರೆ ಎಷ್ಟೋ ಮನೆಗಳ ತೊಂದರೆ ಖರ್ಚಿಲ್ಲದೆ ನಿಲ್ಲುತ್ತದೆ. ಇನ್ವರ್ಟರ್ ಇಲ್ಲದವರು ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಇಟ್ಟರೆ ಸಿಗುವುದು ಕೆಲವು ನಿಮಿಷ ಮಾತ್ರ. ಕೆಲಸ ಮುಂದುವರಿಸಲು ಅದು ಸಾಲದು, ಸೇವ್ ಮಾಡಿ ಸರಿಯಾಗಿ ಬಂದ್ ಮಾಡಲು ಧಾರಾಳ ಸಾಕು. ಅದರ ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ.

ಸಿ ಡ್ರೈವಿನಲ್ಲಿ ಯಾವಾಗಲೂ ಒಂದಷ್ಟು ಜಾಗ ಖಾಲಿ ಇರಲಿ. ಫೋಟೊ-ವಿಡಿಯೊಗಳ ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ, ಕಾಪಿ ಮುಗಿದ ಕೂಡಲೇ ಅದನ್ನು ಕಂಪ್ಯೂಟರಿನಿಂದ ಬಿಚ್ಚಿಡಬೇಕು. ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ ಸಿ ಡ್ರೈವಿಗೆ ರಿಸ್ಟೋರ್ ಚಾಲೂ ಇದೆಯೇ ಎಂದು ಈಗಲೇ ನೋಡಿಕೊಳ್ಳಬೇಕು. ಇವೆಲ್ಲದರ ಜೊತೆಗೆ ಎರಡನೆಯ ಅಡ್ಮಿನಿಸ್ಟ್ರೇಟರ್ ಖಾತೆಯೊಂದನ್ನು ಮೊದಲೇ ಮಾಡಿಟ್ಟಿರಬೇಕು. ವಿಂಡೋಸಿನೊಳಗೆ ಇರುವ ಅಡ್ಮಿನಿಸ್ಟ್ರೇಟರ್ ಎಂಬ ಮೂಲ ಖಾತೆ ಮಾಮೂಲಾಗಿ ಬಂದ್ ಇರುವುದರಿಂದ, ಒಂದೇ ಖಾತೆಯಿರುವ ಕಂಪ್ಯೂಟರಿನಲ್ಲಿ ಪ್ರೊಫೈಲ್ ಕೆಟ್ಟಾಗ ಒಳಹೋಗಲು ಸುಲಭದ ಬೇರೆ ಬಾಗಿಲು ಉಳಿಯುವುದಿಲ್ಲ. ಈ ಎರಡನೆಯ ಖಾತೆಯನ್ನು ದಿನದ ಕೆಲಸಕ್ಕೆ ಬಳಸಬಾರದು. ಅದರ ಪಾಸ್‌ವರ್ಡನ್ನೂ ಬಿಟ್‌ಲಾಕರಿನ ರಿಕವರಿ ಕೀಯನ್ನೂ ಕಾಗದದ ಮೇಲೆ ಬರೆದು, ಮನೆಯ ಕಾಗದಪತ್ರ ಇಡುವಲ್ಲಿ ಇಟ್ಟಿರಬೇಕು.